ನೀರು ಬೀಳದ ಮಗು ಎಲ್ಲಿ ಉಂಟು?

ಈ ಸಲ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಯಾವುದೂ ಇಲ್ಲ. ನಮ್ಮ ಮನೆಯಲ್ಲಿ ಅರುವತ್ತು ವರ್ಷದಿಂದ ಯಾರೂ ಬಾಯಿ ಬಿಟ್ಟು ಮಾತಾಡದ ಒಂದು ವಿಷಯ ಬರೀತೇನೆ. ಜ್ಞಾನಸ್ನಾನ ಆಗದೆ ಸತ್ತವರಿಗೆ ಸ್ವರ್ಗ ಉಂಟಾ, ಇಲ್ವಾ? ಅಮ್ಮನ ಅನುಮತಿ ಕೇಳಿಯೇ ಬರೀತಾ ಇದ್ದೇನೆ. “ಬರಿ, ಬೇರೆಯವರ ಮನೆಯಲ್ಲೂ ಇರಬಹುದು” ಅಂತ ಹೇಳಿದರು.

ನೆರೆಕರೆಯ ಹಿಂದೂ, ಜೈನ, ಬ್ಯಾರಿ ಅಕ್ಕಂದಿರೂ ಇದನ್ನು ಓದುತ್ತೀರಿ. ಹಾಗಾಗಿ ಮೊದಲು ಸ್ವಲ್ಪ ವಿವರ. ಮಗುವಿನ ತಲೆಗೆ ನೀರು ಹೊಯ್ದು, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳುವ ಸಂಸ್ಕಾರವೇ ಜ್ಞಾನಸ್ನಾನ. ಕೊಂಕಣಿಯಲ್ಲಿ ನಾವು ಬಾವ್ತಿಜ್ಮ್ ಅಂತೇವೆ. ನಮ್ಮ ತಾಲೂಕಿನ ಮೇಲಿನ ಭಾಗದಲ್ಲಿ ರಬ್ಬರ್ ತೋಟ ಮಾಡಿಕೊಂಡಿರುವ ಮಲಯಾಳಿ ಸಿರೋ ಮಲಬಾರ್‌ನವರು ಮಾಮ್ಮೋದೀಸ ಅಂತಾರೆ. 1999ರಲ್ಲಿ ಬೆಳ್ತಂಗಡಿಯನ್ನೇ ಕೇಂದ್ರ ಮಾಡಿ ಅವರಿಗೆ ಬೇರೆ ಧರ್ಮಪ್ರಾಂತ್ಯ ಆಯ್ತಲ್ಲ, ಅವರೇ. ನಾವು ಮಂಗಳೂರು ಬಿಷಪರ ಕೈಕೆಳಗೆ. ಸಿಎಸ್‌ಐನವರು ದೀಕ್ಷಾಸ್ನಾನ ಅಂತಾರೆ. ಹೆಸರು ನಾಲ್ಕು, ನೀರು ಒಂದೇ.

ಇನ್ನು ನಮ್ಮ ಮನೆಯ ವಿಷಯ. ಅಮ್ಮನ ಚೊಚ್ಚಲ ಹೆರಿಗೆ 1964ರ ಆಟಿ ತಿಂಗಳಲ್ಲಿ. ಆ ಕಾಲದ ಆಟಿ ಮಳೆ ಹೇಗೆ ಅಂತ ದೊಡ್ಡವರಿಗೆ ಗೊತ್ತುಂಟು. ತೋಡಿನ ಅಡಿಕೆಮರದ ಸಂಕ ಹೋಗಿತ್ತು, ಆಚೆ ದಡಕ್ಕೆ ಯಾರೂ ದಾಟುವ ಹಾಗಿರಲಿಲ್ಲ. ಆಸ್ಪತ್ರೆಯೂ ಇಲ್ಲ, ಪಾದ್ರಿಗಳೂ ಇಲ್ಲ. ಪಕ್ಕದ ಹಿತ್ತಿಲಿನ ಅಜ್ಜಿಯೊಬ್ಬರು ಊರಿನ ಎಲ್ಲ ಮನೆಗೂ ಹೆರಿಗೆ ಮಾಡಿಸುತ್ತಿದ್ದರು. ಅವರೇ ಬಂದರು. ಮಗು ಹುಟ್ಟಿತು, ಸರಿಯಾಗಿ ಅಳಲಿಲ್ಲ. ಅದೇ ಹೊತ್ತಿಗೆ ಅಮ್ಮನಿಗೆ ರಕ್ತ ನಿಲ್ಲಲಿಲ್ಲ. ಇದ್ದ ಎರಡು ಮೂರು ಹೆಂಗಸರೂ ಅಮ್ಮನನ್ನು ಉಳಿಸಲಿಕ್ಕೆ ಓಡಾಡಿದರು. ನನ್ನ ಅಜ್ಜಿಗೆ, ಅಂದರೆ ಪಪ್ಪನ ಅಮ್ಮನಿಗೆ, ನೀರಿನ ನೆನಪಾಗುವಾಗ ಮಗುವಿನ ಉಸಿರು ನಿಂತಿತ್ತು. ಗಂಡು ಮಗು.

ಮಾರನೆ ದಿನ ಮಳೆ ಸ್ವಲ್ಪ ಬಿಟ್ಟಾಗ ಅಜ್ಜ, ದೊಡ್ಡಪ್ಪ ಸೇರಿ ಮಗುವನ್ನು ಅಡಿಕೆ ಹಾಳೆಯಲ್ಲಿ ಮಲಗಿಸಿ ತೆಗೆದುಕೊಂಡು ಹೋದರು. ಜ್ಞಾನಸ್ನಾನ ಆಗದ ಮಗುವಿಗೆ ಇಗರ್ಜಿಯ ಸ್ಮಶಾನದ ಒಳಗೆ ಜಾಗ ಇಲ್ಲ ಅಂತ ಆಯ್ತು. ಗೋಡೆಯ ಹೊರಗೆ ಗುಂಡಿ ತೆಗೆದು ಇಟ್ಟರು. ಗಂಟೆ ಹೊಡೆಯಲಿಲ್ಲ, ಪ್ರಾರ್ಥನೆ ಹೇಳಲಿಲ್ಲ, ಪುಸ್ತಕದಲ್ಲಿ ಹೆಸರು ಬರೆಯಲಿಲ್ಲ. ಹೆಸರೇ ಇಟ್ಟಿರಲಿಲ್ಲವಲ್ಲ. ಬಾಣಂತಿ ಕೋಣೆಯಲ್ಲಿ ಮಲಗಿದ್ದ ಅಮ್ಮನಿಗೆ ಮಗುವಿನ ಮುಖವನ್ನೂ ಯಾರೂ ತೋರಿಸಲಿಲ್ಲ.

ಇದು ಯಾರೋ ಒಬ್ಬ ಪಾದ್ರಿಗಳ ಕಲ್ಲು ಮನಸ್ಸು ಅಂತ ಹೇಳಲಿಕ್ಕಾಗುವುದಿಲ್ಲ. ಆಗ ಚಾಲ್ತಿಯಲ್ಲಿದ್ದದ್ದು 1917ರ ಕಥೋಲಿಕ ಧರ್ಮಸಭೆಯ ಕಾನೂನು. ಜ್ಞಾನಸ್ನಾನ ಆಗದೆ ಸತ್ತವರಿಗೆ ಇಗರ್ಜಿಯ ಅಂತ್ಯಸಂಸ್ಕಾರ ಇಲ್ಲ ಅಂತ ಅದರಲ್ಲೇ ಇತ್ತು. ಕಾನೂನು ರೋಮಿನಲ್ಲಿ ಬರೆದದ್ದು, ಅದು ಬಂದು ಮುಟ್ಟಿದ್ದು ನಮ್ಮ ಬಾಣಂತಿ ಕೋಣೆಗೆ.

ಆಮೇಲೆ ಅಮ್ಮನಿಗೆ ನಾವು ನಾಲ್ಕು ಮಕ್ಕಳು ಆದೆವು. ಪ್ರತಿ ವರ್ಷ ನವೆಂಬರ್ 2ಕ್ಕೆ, ಸಕಲ ಮೃತರ ದಿನ, ಎಲ್ಲರೂ ಸ್ಮಶಾನಕ್ಕೆ ಹೋಗಿ ಸಮಾಧಿ ತೊಳೆದು, ಹೂ ಇಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಅಜ್ಜ ಅಜ್ಜಿಗೆ ಹಚ್ಚಿ ಆದ ಮೇಲೆ ಅಮ್ಮನ ಕೈಯಲ್ಲಿ ಯಾವಾಗಲೂ ಒಂದು ಬತ್ತಿ ಉಳಿಯುತ್ತಿತ್ತು. ಅದನ್ನು ದೊಡ್ಡ ಶಿಲುಬೆಯ ಬುಡದಲ್ಲಿ ಹಚ್ಚುತ್ತಿದ್ದರು. ಯಾರಿಗೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗೋಡೆಯ ಆಚೆ ಈಗ ಡಾಮರು ರಸ್ತೆ ಬಂದಿದೆ.

ಹೋದ ವರ್ಷ ನನ್ನ ಮಗಳ ಬಸಿರು ಮೂರು ತಿಂಗಳಲ್ಲಿ ಇಳಿದು ಹೋಯ್ತು. ಅವಳು ಮನೆಗೆ ಬಂದು ಮಲಗಿದ್ದಾಗ ಅಮ್ಮ ಅವಳ ಹತ್ತಿರ ಕೂತು ಮೊದಲ ಸಲ ಇದನ್ನೆಲ್ಲ ಹೇಳಿದರು. ಕೊನೆಗೆ ಒಂದು ಮಾತು ಕೇಳಿದರು: “ಅದು ಈಗ ಎಲ್ಲಿ ಉಂಟು?” 83 ವರ್ಷದ ಹೆಂಗಸು ಮೊಮ್ಮಗಳ ಹತ್ತಿರ ಕೇಳುವ ಪ್ರಶ್ನೆಯಾ ಇದು? ಮಗಳಿಗೆ ಉತ್ತರ ಗೊತ್ತಿರಲಿಲ್ಲ. ನನ್ನ ಹತ್ತಿರ ಬಂದಳು. ಆವತ್ತಿನಿಂದ ನಾನು ಫಾದರುಗಳ ಹತ್ತಿರ ಕೇಳಿ, ಪುಸ್ತಕ ಓದಿ ತಿಳ್ಕೊಂಡದ್ದನ್ನು ಇಲ್ಲಿ ಹೇಳ್ತೇನೆ.

ಅಮ್ಮ ಚಿಕ್ಕಂದಿನಲ್ಲಿ ದೊತೊರ್ನ್‌ನಲ್ಲಿ, ಅಂದರೆ ಧರ್ಮಶಿಕ್ಷಣದ ಪಾಠದಲ್ಲಿ, ಕಲಿತದ್ದು ಹೀಗೆ: ಜ್ಞಾನಸ್ನಾನ ಆಗದ ಶಿಶುಗಳು ನರಕಕ್ಕೂ ಹೋಗುವುದಿಲ್ಲ, ಸ್ವರ್ಗಕ್ಕೂ ಹೋಗುವುದಿಲ್ಲ. ಲಿಂಬೊ ಅಂತ ಒಂದು ಜಾಗ, ಅಲ್ಲಿರುತ್ತವೆ. ಅಲ್ಲಿ ನೋವಿಲ್ಲ, ಆದರೆ ದೇವರ ದರ್ಶನವೂ ಇಲ್ಲ. ಅಮ್ಮನಿಗೆ ಇದರಿಂದ ಹುಟ್ಟಿದ ಸಂಕಟ ಬೇರೆಯೇ. “ನಾನು ಸತ್ತು ಸ್ವರ್ಗಕ್ಕೆ ಹೋದರೂ ಅದು ಅಲ್ಲಿ ಸಿಗುವುದಿಲ್ಲ ಅಲ್ವಾ” ಅಂತ.

ಈ ಲಿಂಬೊ ಎಲ್ಲಿಂದ ಬಂತು? ಬೈಬಲಿನಲ್ಲಿ ಆ ಹೆಸರೇ ಇಲ್ಲ. ಯೇಸು ಹೇಳಿದ್ದು ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಉಂಟು: ನೀರಿನಿಂದಲೂ ಆತ್ಮದಿಂದಲೂ ಹುಟ್ಟದವನು ದೇವರ ರಾಜ್ಯಕ್ಕೆ ಬರಲಾರ ಅಂತ ಅದರ ಅರ್ಥ. ಇದನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ ಶಿಶುಗಳ ಗತಿ ಏನು? 430ರಲ್ಲಿ ತೀರಿಹೋದ ಸಂತ ಅಗಸ್ಟೀನರು, ಅವಕ್ಕೂ ಶಿಕ್ಷೆ ಉಂಟು, ಆದರೆ ಎಲ್ಲಕ್ಕಿಂತ ಕಡಿಮೆ ಶಿಕ್ಷೆ ಅಂದರು. ಏನೂ ಪಾಪ ಮಾಡದ ಮಗುವಿಗೆ ಶಿಕ್ಷೆಯಾ ಅಂತ ಮುಂದಿನವರಿಗೆ ಮನಸ್ಸು ಒಪ್ಪಲಿಲ್ಲ. ಹಾಗೆ ಮಧ್ಯಯುಗದ ಪಂಡಿತರು ಶಿಕ್ಷೆ ಇಲ್ಲದ ಒಂದು ಬೇರೆ ಜಾಗ ಯೋಚನೆ ಮಾಡಿದರು. ಅಂದರೆ ಲಿಂಬೊ ಹುಟ್ಟಿದ್ದು ಕರುಣೆಯಿಂದಲೇ. ಅಮ್ಮನಿಗೆ ಅದು ಮುಟ್ಟುವಾಗ ಮಾತ್ರ ಕರುಣೆಯ ಹಾಗೆ ಮುಟ್ಟಲಿಲ್ಲ.

ಅದೇ ಸುವಾರ್ತೆಗಳಲ್ಲಿ ಬೇರೆ ಮಾತೂ ಉಂಟು. ಯೇಸುವಿನ ಪಕ್ಕದ ಶಿಲುಬೆಯಲ್ಲಿ ನೇತಾಡುತ್ತಿದ್ದ ಕಳ್ಳನಿಗೆ ಯಾರು ಜ್ಞಾನಸ್ನಾನ ಕೊಟ್ಟರು? ಆದರೂ ಇವತ್ತೇ ನನ್ನ ಜೊತೆ ಪರದೈಸಿನಲ್ಲಿ ಇರುತ್ತೀ ಅಂತ ಅವನಿಗೆ ಮಾತು ಕೊಟ್ಟದ್ದು ಲೂಕನ 23ನೇ ಅಧ್ಯಾಯದಲ್ಲಿ ಉಂಟು. ಮಾರ್ಕನ 16ನೇ ಅಧ್ಯಾಯದಲ್ಲಿ ನಂಬಿ ಜ್ಞಾನಸ್ನಾನ ಪಡೆದವನಿಗೆ ರಕ್ಷಣೆ ಅಂತ ಉಂಟು. ಮುಂದಿನ ಅರ್ಧದಲ್ಲಿ ನಂಬದವನಿಗೆ ದಂಡನೆ ಅಂತ ಮಾತ್ರ ಉಂಟು, ನೀರು ಬೀಳದವನಿಗೆ ಅಂತ ಇಲ್ಲ. ಪ್ರೇಷಿತರ ಕಾರ್ಯಕಲಾಪಗಳ 10ನೇ ಅಧ್ಯಾಯದಲ್ಲಿ ಕೊರ್ನೇಲಿ ಅನ್ನುವ ಸೇನಾಧಿಕಾರಿಯ ಮನೆಯವರ ಮೇಲೆ ನೀರಿಗಿಂತ ಮೊದಲೇ ಪವಿತ್ರಾತ್ಮ ಇಳಿದುಬಂತು. ಇನ್ನು ನೀರು ಎಂತಕ್ಕೆ ಅಂತ ಪೇತ್ರ ಬಿಡಲಿಲ್ಲ, ಇವರಿಗೆ ನೀರನ್ನು ತಡೆಯುವವರು ಯಾರು ಅಂತ ಕೇಳಿ ಜ್ಞಾನಸ್ನಾನ ಮಾಡಿಸಿದರು. ನೋಡಿ, ಎರಡೂ ಒಟ್ಟಿಗೆ ಉಂಟು. ದೇವರು ಮೊದಲೇ ಬರಬಹುದು. ಹಾಗೆಂತ ನೀರು ಬೇಡ ಅಂತ ಅಲ್ಲ.

ಧರ್ಮಸಭೆ ಹಳೆ ಕಾಲದಿಂದಲೂ ಇದಕ್ಕೆ ಎರಡು ಬಾಗಿಲು ಇಟ್ಟುಕೊಂಡೇ ಬಂದಿದೆ. ಜ್ಞಾನಸ್ನಾನಕ್ಕೆ ತಯಾರಾಗುತ್ತಾ ಇದ್ದವರು ಅದಕ್ಕೆ ಮೊದಲೇ ಕ್ರಿಸ್ತನಿಗಾಗಿ ಪ್ರಾಣ ಕೊಟ್ಟರೆ ಅದು ರಕ್ತದ ಜ್ಞಾನಸ್ನಾನ. ಬೇಕು ಅಂತ ಮನಸ್ಸು ಮಾಡಿದವರು ಸಿಗುವುದಕ್ಕೆ ಮೊದಲೇ ತೀರಿಹೋದರೆ ಅದು ಬಯಕೆಯ ಜ್ಞಾನಸ್ನಾನ. ಆದರೆ ಶಿಶುವಿಗೆ ಬಯಕೆ ಅಂತ ಹೇಳಲಿಕ್ಕೆ ಬಾಯಿ ಎಲ್ಲಿ ಉಂಟು? ಅಲ್ಲೇ ಗಂಟು ಬಿದ್ದದ್ದು.

ಆ ಗಂಟು ಸಡಿಲ ಆಗಲಿಕ್ಕೆ ಶುರುವಾದದ್ದು ನಮ್ಮ ಅಣ್ಣ ಹೋದ ಮೇಲಿನ ವರ್ಷಗಳಲ್ಲಿ. 1970ರ ಪೂಜಾ ಪುಸ್ತಕದಲ್ಲಿ ಜ್ಞಾನಸ್ನಾನಕ್ಕೆ ಮೊದಲು ಸತ್ತ ಮಗುವಿನ ಅಂತ್ಯಸಂಸ್ಕಾರಕ್ಕೇ ಬೇರೆ ಪ್ರಾರ್ಥನೆಗಳು ಬಂದವು. 1983ರ ಹೊಸ ಕಾನೂನಿನಲ್ಲಿ, ಅಪ್ಪ ಅಮ್ಮ ಜ್ಞಾನಸ್ನಾನ ಮಾಡಿಸುವ ಮನಸ್ಸಿನಲ್ಲಿದ್ದು ಮಗು ಮೊದಲೇ ಸತ್ತರೆ, ಬಿಷಪರ ಅನುಮತಿಯ ಮೇಲೆ ಇಗರ್ಜಿಯ ಅಂತ್ಯಸಂಸ್ಕಾರ ಕೊಡಬಹುದು ಅಂತ ಆಯ್ತು. 1992ರ ಧರ್ಮೋಪದೇಶ ಗ್ರಂಥದಲ್ಲಿ ಲಿಂಬೊದ ಮಾತೇ ಇಲ್ಲ. ಆ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ, ಅವರಿಗೆ ರಕ್ಷಣೆಯ ದಾರಿ ಉಂಟು ಅಂತ ಆಶಿಸುತ್ತೇವೆ ಅಂತ ಉಂಟು. 2007ರಲ್ಲಿ, ಬೆನೆಡಿಕ್ಟ್ ಪೋಪರ ಕಾಲದಲ್ಲಿ, ರೋಮಿನ ಅಂತಾರಾಷ್ಟ್ರೀಯ ದೇವಶಾಸ್ತ್ರ ಆಯೋಗದವರು ಈ ಒಂದೇ ವಿಷಯಕ್ಕೆ ಒಂದು ದೊಡ್ಡ ದಾಖಲೆ ತಂದರು. ಲಿಂಬೊ ಯಾವತ್ತೂ ವಿಶ್ವಾಸದ ಸತ್ಯ ಅಂತ ಘೋಷಣೆ ಆದದ್ದಲ್ಲ, ಈ ಶಿಶುಗಳು ದೇವರ ದರ್ಶನದಲ್ಲಿದ್ದಾರೆ ಅಂತ ಆಶಿಸಲಿಕ್ಕೆ ಗಟ್ಟಿ ಕಾರಣಗಳು ಉಂಟು ಅಂತ ಅದರ ಸಾರ.

ಇದನ್ನೆಲ್ಲ ನಾನು ಅಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅಮ್ಮ ಕೇಳಿದರು, “ಆಶೆ ಅಂತ ಹೇಳಿದ್ದಾ? ಖಂಡಿತ ಅಂತ ಹೇಳಲಿಲ್ವಾ?” ಹೌದು, ಖಂಡಿತ ಅಂತ ಹೇಳಲಿಲ್ಲ. ದೇವರು ನಮಗೆ ಇದರ ವಿಷಯ ಬಿಡಿಸಿ ಹೇಳಿಲ್ಲ, ಹಾಗಾಗಿ ನಾವು ಹೆಚ್ಚು ಹೇಳಲಾರೆವು ಅಂತ ಆ ದಾಖಲೆಯವರು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಅಮ್ಮನಿಗೆ ಸುಳ್ಳು ಸಮಾಧಾನ ಹೇಳುವ ಮನಸ್ಸು ನನಗೂ ಇರಲಿಲ್ಲ. ಆದರೆ ಅದೇ ಧರ್ಮೋಪದೇಶದ ಒಂದು ಮಾತು ಅವರಿಗೆ ಎರಡು ಸಲ ಓದಿ ಹೇಳಿದೆ. ಅದರ ತಾತ್ಪರ್ಯ ಇಷ್ಟು: ದೇವರು ರಕ್ಷಣೆಯನ್ನು ಜ್ಞಾನಸ್ನಾನಕ್ಕೆ ಕಟ್ಟಿದ್ದಾನೆ, ಆದರೆ ತಾನು ಸಂಸ್ಕಾರಕ್ಕೆ ಕಟ್ಟುಬಿದ್ದವನಲ್ಲ. ಗೂಟಕ್ಕೆ ಹಸುವನ್ನು ಕಟ್ಟಿದವನು ತಾನೂ ಗೂಟಕ್ಕೆ ಕಟ್ಟಿಕೊಂಡು ನಿಲ್ಲುತ್ತಾನಾ? ನನಗೆ ಅರ್ಥ ಆದದ್ದು ಹಾಗೆ.

ನಮ್ಮ ಮನೆಯಲ್ಲೇ ಇದಕ್ಕೊಂದು ಸಾಕ್ಷಿ ಉಂಟು. ಮೊದಲ ಮಗು ಹೋದ ಮೇಲೆ ಅಜ್ಜಿ ಆ ಹೆರಿಗೆ ಮಾಡಿಸುವ ಅಜ್ಜಿಯನ್ನು ಕರೆದು ಕೂರಿಸಿ ಹೇಳಿಕೊಟ್ಟರು. ಇನ್ನು ಮುಂದೆ ನಮ್ಮವರ ಮನೆಯಲ್ಲಿ ಮಗು ಸೋತುಹೋದ ಹಾಗೆ ಕಂಡರೆ ಯಾರನ್ನೂ ಕಾಯಬೇಡ, ಒಂದು ಚೆಂಬು ನೀರು ಹತ್ತಿರ ಇಟ್ಟುಕೋ, ತಲೆಗೆ ಹೊಯ್ಯುತ್ತಾ ಈ ಮಾತು ಹೇಳು ಅಂತ. ಆ ಅಜ್ಜಿ ಹಿಂದೂ. ಮನೆಯಲ್ಲಿ ಭೂತಕ್ಕೆ ಕಟ್ಟಿಕೊಂಡವರು. ತುಳು ಬಿಟ್ಟರೆ ಬೇರೆ ಬಾರದು. “ಆಯ್ತು ಬಾಯಮ್ಮ” ಅಂತ ಹೇಳಿ ಆ ಕೊಂಕಣಿ ಮಾತನ್ನು ಬಾಯಿಪಾಠ ಮಾಡಿದರಂತೆ. 1966ರಲ್ಲಿ ನನ್ನ ಎರಡನೇ ಅಣ್ಣ ಏಳು ತಿಂಗಳಿಗೇ ಹುಟ್ಟಿದ. ಮೈ ನೀಲಿ. ಆ ಅಜ್ಜಿ ಹಿಂದೆ ಮುಂದೆ ನೋಡದೆ ನೀರು ಹೊಯ್ದು ಮಾತು ಹೇಳಿಯೇ ಬಿಟ್ಟರು. ಅಣ್ಣ ಬದುಕಿದ. ಈಗ ಅವನಿಗೆ ಮೊಮ್ಮಕ್ಕಳು ಉಂಟು.

ತಿಂಗಳು ಕಳೆದು ಇಗರ್ಜಿಗೆ ತೆಗೆದುಕೊಂಡು ಹೋದಾಗ ಪಾದ್ರಿಗಳು ಎಲ್ಲ ವಿಚಾರಿಸಿದರು. ನೀರು ತಲೆಯ ಮೇಲೆ ಹರಿಯಿತಾ, ಎಂತ ಮಾತು ಹೇಳಿದ್ದು ಅಂತ ಆ ಅಜ್ಜಿಯನ್ನೇ ಕರೆಸಿ ಕೇಳಿದರು. ಅಜ್ಜಿ ತಪ್ಪಿಲ್ಲದೆ ಹೇಳಿದರು. ಪಾದ್ರಿಗಳು ಮತ್ತೆ ನೀರು ಹೊಯ್ಯಲಿಲ್ಲ. ಎಣ್ಣೆ ಹಚ್ಚಿ, ಬಿಳಿ ಬಟ್ಟೆ ಹೊದಿಸಿ, ಬತ್ತಿ ಕೊಟ್ಟು, ಉಳಿದ ಕ್ರಮ ಮಾತ್ರ ಮುಗಿಸಿದರು. ಇದು ಅವರ ಔದಾರ್ಯ ಅಂತ ಅಲ್ಲ, ನಿಯಮವೇ ಹಾಗೆ. ಅವಸರದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಕೊಡುವವರಿಗೆ ಜ್ಞಾನಸ್ನಾನ ಆಗಿರಲೇಬೇಕು ಅಂತ ಇಲ್ಲ. ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸು ಇದ್ದರೆ ಸಾಕು. ಇದು ಹೊಸದಾಗಿ ಬಂದ ಉದಾರತನವೂ ಅಲ್ಲ. 1439ರ ಫ್ಲಾರೆನ್ಸ್ ಮಹಾಸಭೆಯ ಕಾಗದದಲ್ಲೇ ಕ್ರೈಸ್ತರಲ್ಲದವರೂ ಕೊಡಬಹುದು ಅಂತ ಬರೆದಿದ್ದಾರೆ.

ಈಗ ಯೋಚನೆ ಮಾಡಿ. ನನ್ನ ಅಣ್ಣನಿಗೆ ಸ್ವರ್ಗದ ಬಾಗಿಲು ತೆರೆದುಕೊಟ್ಟ ಆ ಕೈಗೆ ಜ್ಞಾನಸ್ನಾನ ಆಗಿರಲಿಲ್ಲ. ಹಾಗಾದರೆ ಆ ಅಜ್ಜಿಯೇ ಹೊರಗಾ? ಇದನ್ನು ನಾನು ಅಮ್ಮನ ಹತ್ತಿರ ಕೇಳಿದೆ. ಅಮ್ಮ ಮಲ್ಲಿಗೆ ಕಟ್ಟುತ್ತಾ ಇದ್ದವರು ತಲೆ ಎತ್ತಲೇ ಇಲ್ಲ. “ಅವಳು ಕೊಟ್ಟ ನೀರನ್ನು ದೇವರು ಒಪ್ಪಿಕೊಂಡ. ಅವಳನ್ನು ಬಿಡ್ತಾನಾ?” ಅಂತ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮಗುವನ್ನೂ ಬಿಟ್ಟಿರಲಿಕ್ಕಿಲ್ಲ” ಅಂತ ಸೇರಿಸಿದರು. ನಾನು ಓದಿ ಹೇಳಿದ ಅಷ್ಟೂ ದಾಖಲೆಯಲ್ಲಿ ಆಗದ ಸಮಾಧಾನ ಅವರಿಗೆ ಅವರ ಮಾತಿನಲ್ಲೇ ಆಯ್ತು.

ಅಮ್ಮನ ಈ ಮಾತಿಗೆ ಧರ್ಮಸಭೆಯ ಆಧಾರವೂ ಉಂಟು. ಎರಡನೇ ವ್ಯಾಟಿಕನ್ ಮಹಾಸಭೆ 1964ರ ನವೆಂಬರಿನಲ್ಲಿ ಹೇಳಿತು: ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು ನಿಜ ಮನಸ್ಸಿನಿಂದ ದೇವರನ್ನು ಹುಡುಕಿ, ಆತ್ಮಸಾಕ್ಷಿಯ ಪ್ರಕಾರ ನಡೆದರೆ ಅವರಿಗೂ ರಕ್ಷಣೆ ಸಿಗಬಹುದು ಅಂತ. ಅದೇ ವರ್ಷದ ಆಟಿಯಲ್ಲಿ ನಮ್ಮ ಮಗುವನ್ನು ಗೋಡೆಯ ಹೊರಗೆ ಇಟ್ಟದ್ದು. ಅದಕ್ಕೂ ಮೊದಲು, ಅಮೆರಿಕದ ಬಾಸ್ಟನ್ನಿನಲ್ಲಿ ಲಿಯೊನಾರ್ಡ್ ಫೀನಿ ಅನ್ನುವ ಪಾದ್ರಿಗಳು ಕಥೋಲಿಕರಲ್ಲದವರಿಗೆ ಯಾರಿಗೂ ಮೋಕ್ಷ ಇಲ್ಲ ಅಂತ ಹಟ ಹಿಡಿದಿದ್ದರು. ರೋಮಿನವರು 1949ರಲ್ಲಿ ಅದು ತಪ್ಪು ಅಂತ ಕಾಗದ ಬರೆದರು. ರೋಮಿಗೆ ಬಾ ಅಂತ ಕರೆದರೂ ಹೋಗದ ಕಾರಣ 1953ರಲ್ಲಿ ಆ ಪಾದ್ರಿಗಳನ್ನೇ ಬಹಿಷ್ಕಾರ ಮಾಡಿದರು. ಎಲ್ಲರೂ ಹೊರಗೆ ಅಂತ ಹೇಳಿದವರೇ ಹೊರಗಾದರು ನೋಡಿ.

“ಹಾಗಾದರೆ ಮಾರಾಯ್ತಿ, ಜ್ಞಾನಸ್ನಾನ ಎಂತಕ್ಕೆ?” ಅಂತ ನನ್ನ ತಂಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇದು: ನೀರು ಇಲ್ಲದಿದ್ದರೂ ದೇವರು ಬರುತ್ತಾನೆ ಅಂತ ನೀರು ಇರುವಾಗ ಬೇಡ ಅನ್ನಬಾರದು. ಹಸಿದವನನ್ನು ದೇವರು ನೋಡಿಕೊಳ್ಳುತ್ತಾನೆ ಅಂತ ನಾವು ಅನ್ನ ಬಡಿಸದೆ ಇರುತ್ತೇವಾ? ಮತ್ತೆ, ಜ್ಞಾನಸ್ನಾನ ಅಂದರೆ ಒಬ್ಬರೊಳಗೆ ಗುಟ್ಟಾಗಿ ಆಗುವುದಲ್ಲ, ಊರ ಎದುರು ಆಗುವುದು. ಇದಕ್ಕೆ ನಮ್ಮ ಜಿಲ್ಲೆಯದ್ದೇ ಉದಾಹರಣೆ ಉಂಟು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ತಂದ ಬಾಸೆಲ್ ಮಿಶನ್ನಿನ ಮೊಗ್ಲಿಂಗರ ಹೆಸರು ಕೇಳಿದ್ದೀರಿ. ಅವರ ಶಾಲೆಯ ಹುಡುಗ, ಸಾರಸ್ವತರ ಮನೆಯ ಆನಂದರಾವ್ ಕೌಂಡಿನ್ಯ, 1844ರಲ್ಲಿ ಜ್ಞಾನಸ್ನಾನ ಪಡೆದು ಹೆರ್ಮನ್ ಆನಂದರಾವ್ ಕೌಂಡಿನ್ಯ ಆದ. ಮನಸ್ಸಿನೊಳಗೆ ನಂಬಿಕೆ ಇಟ್ಟುಕೊಂಡು ಮನೆಯಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆ ನೀರು ಬಿದ್ದ ಮೇಲೆಯೇ ಮನೆ, ಜಾತಿ ಎಲ್ಲ ಬಿಟ್ಟುಹೋದದ್ದು. ಅಷ್ಟು ಬೆಲೆ ಕೊಟ್ಟವರಿಗೆ ಅದು ಬರೀ ನೀರು ಅಂತ ಹೇಳಲಿಕ್ಕೆ ನನ್ನಿಂದ ಆಗದು.

ಇನ್ನೊಂದು ವಿಷಯ. ಈಚೆಗೆ ಕೆಲವು ಪ್ರಾರ್ಥನಾ ಕೂಟದವರು ಮನೆಮನೆಗೆ ಬಂದು, ಚಿಕ್ಕಂದಿನ ಜ್ಞಾನಸ್ನಾನ ಲೆಕ್ಕಕ್ಕಿಲ್ಲ, ದೊಡ್ಡವರಾದ ಮೇಲೆ ನೀರಿನಲ್ಲಿ ಪೂರ್ತಿ ಮುಳುಗಿದರೆ ಮಾತ್ರ ರಕ್ಷಣೆ ಅಂತ ಹೇಳುತ್ತಾರೆ. ನಮ್ಮ ಸಂಬಂಧದ ಒಬ್ಬ ಅಕ್ಕನಿಗೆ ನೇತ್ರಾವತಿಗೆ ಬಂದು ಮುಳುಗದಿದ್ದರೆ ನರಕ ಅಂತ ಹೆದರಿಸಿ ನಿದ್ದೆ ಕೆಡಿಸಿದ್ದರು. ತಾನೇ ನಂಬಿ ಪಡೆಯಬೇಕು ಅನ್ನುವುದು ಅವರ ವಿಶ್ವಾಸ. ಅದನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ಒಂದು ಸಲ ಸರಿಯಾಗಿ ಆದ ಜ್ಞಾನಸ್ನಾನ ಮತ್ತೆ ಆಗಲಿಕ್ಕಿಲ್ಲ. ನಮ್ಮಲ್ಲಾಗಲಿ ಸಿಎಸ್‌ಐನಲ್ಲಾಗಲಿ ಅದನ್ನು ಎರಡನೇ ಸಲ ಕೊಡುವುದಿಲ್ಲ. ಹೆದರಿಕೆಯಿಂದ ಯಾರೂ ನದಿಗೆ ಇಳಿಯಬೇಡಿ.

ಅಮ್ಮನ ವಿಷಯಕ್ಕೆ ಬಂದರೆ, ಈಗಿನ ಫಾದರ್ ಮನೆಗೇ ಬಂದು ಎಲ್ಲ ಕೇಳಿದರು. ಮಗುವಿನ ಹೆಸರಿಗೆ ಪೂಜೆ ಇಡುವ ಬಾಯಿ, ಹೆಸರೆಂತ ಅಂತ ಕೇಳಿದರು. ಹೆಸರಿಲ್ಲ ಅಂತ ನಾನು ಹೇಳುವುದಕ್ಕೆ ಹೊರಟಿದ್ದೆ. ಅಷ್ಟರಲ್ಲಿ ಅಮ್ಮ ಥಟ್ಟನೆ ಒಂದು ಹೆಸರು ಹೇಳಿದರು. ಅರುವತ್ತು ವರ್ಷದಿಂದ ಮನಸ್ಸಿನಲ್ಲಿ ಕರೆಯುತ್ತಿದ್ದ ಹೆಸರು ಅದು. ಪಪ್ಪನಿಗೂ ಹೇಳಿರಲಿಲ್ಲವಂತೆ. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅಮ್ಮನದ್ದು. ಬೆಳಗ್ಗಿನ ಪೂಜೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಓದಿದರು.

ನಮ್ಮವರಿಗೆ, ವಿಶೇಷವಾಗಿ ಮನೆಯಲ್ಲಿ ಬಸುರಿ ಹುಡುಗಿಯರು ಇರುವವರಿಗೆ, ನಾಲ್ಕು ಮಾತು ಬರೆದಿಟ್ಟುಕೊಳ್ಳಿ.

ಮಗು ಹುಟ್ಟಿದ ಮೊದಲ ವಾರಗಳಲ್ಲೇ ಜ್ಞಾನಸ್ನಾನ ಆಗಬೇಕು ಅಂತ ಕಾನೂನು. ದುಬೈಯಿಂದ ಮಾವ ಬರಲಿ, ಹಾಲ್ ಸಿಗಲಿ ಅಂತ ವರ್ಷಗಟ್ಟಲೆ ಮುಂದೆ ಹಾಕಬೇಡಿ. ಊಟ ಆಮೇಲೆ ಹಾಕಿದರೂ ಆಗ್ತದೆ.

ಮಗುವಿನ ಜೀವಕ್ಕೆ ಅಪಾಯ ಅಂತ ಕಂಡರೆ ಫಾದರಿಗೆ ಫೋನ್ ಮಾಡಿ. ಅವರು ಬರುವಷ್ಟು ಹೊತ್ತು ಇಲ್ಲದಿದ್ದರೆ ನೀವೇ ಕೊಡಿ, ಇಲ್ಲವೇ ನರ್ಸ್ ಹತ್ತಿರ ಹೇಳಿ, ಅವರು ಯಾವ ಧರ್ಮದವರಾದರೂ ಅಡ್ಡಿ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿರುವ ಮಗುವಾದರೆ ಡಾಕ್ಟರರ ಹತ್ತಿರ ಕೇಳಿ ಸ್ವಲ್ಪ ಶುದ್ಧ ನೀರು ಸಾಕು, ತಲೆಯ ಮೇಲೆ ಹರಿಯಬೇಕು. ಹೆಸರು ಹಿಡಿದು ಕರೆದು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಅಂತ ಹೇಳಬೇಕು. ಭಾಷೆ ಯಾವುದಾದರೂ ಆಗ್ತದೆ. ಆಮೇಲೆ ಇಗರ್ಜಿಗೆ ತಿಳಿಸಿ, ಪುಸ್ತಕದಲ್ಲಿ ಬರೆಯಲಿಕ್ಕೆ ಉಂಟು.

ಸತ್ತ ಮಗುವಿಗೆ ಜ್ಞಾನಸ್ನಾನ ಇಲ್ಲ, ಸಂಸ್ಕಾರ ಬದುಕಿರುವವರಿಗೆ. ಆದರೆ ಹೊಟ್ಟೆಯಲ್ಲೇ ಹೋದ ಮಗುವಾಗಲಿ, ಹುಟ್ಟಿ ಹೋದ ಮಗುವಾಗಲಿ, ಪ್ರಾರ್ಥನೆ, ಪೂಜೆ, ಅಂತ್ಯಸಂಸ್ಕಾರ ಕೇಳಲಿಕ್ಕೆ ಅಪ್ಪ ಅಮ್ಮನಿಗೆ ದಾರಿ ಉಂಟು. ಬಿಷಪರ ಅನುಮತಿ ಫಾದರ್ ನೋಡಿಕೊಳ್ಳುತ್ತಾರೆ. ಕೇಳಲಿಕ್ಕೆ ನಾಚಬೇಡಿ.

ಕೊನೆಯದ್ದು. ಮಗು ಕಳೆದುಕೊಂಡವಳ ಹತ್ತಿರ ಹೋದಾಗ ಲಿಂಬೊ, ನರಕ, ಯಾರ ತಪ್ಪು ಅಂತೆಲ್ಲ ಮಾತು ತೆಗೆಯಬೇಡಿ. ಮಗುವಿನ ಮುಖ ನೋಡಬೇಕು ಅಂದರೆ ತೋರಿಸಿ. ಹೆಸರು ಇಡಬೇಕು ಅಂದರೆ ಇಡಲಿ. ನನ್ನ ಮಗಳೂ ಒಂದು ಹೆಸರು ಇಟ್ಟಿದ್ದಾಳೆ. ಬರುವ ನವೆಂಬರಿಗೆ ನಾವು ಎರಡು ಬತ್ತಿ ಹೆಚ್ಚು ತೆಗೆದುಕೊಳ್ಳುತ್ತೇವೆ. ಮೂರನೆಯದ್ದೂ ಒಂದು ಇರಲಿ ಅಂತ ಅಮ್ಮ ಹೇಳಿದ್ದಾರೆ, ಆ ಹೆರಿಗೆ ಮಾಡಿಸಿದ ಅಜ್ಜಿಗೆ.